ಮಡಿಕೆ (ಭೂವಿಜ್ಞಾನ)

ಬಹುಮಟ್ಟಿಗೆ ಸಮತಲವಾಗಿ ಸಂಚಯಗೊಂಡ ಶಿಲಾಸ್ತರಗಳು ಭೂಚಿಪ್ಪಿನ ಒತ್ತಡಕ್ಕೆ ಸಿಲುಕಿ ಬಾಗಿದಾಗ ಉಂಟಾಗುವ ರಚನೆಯೇ ಮಡಿಕೆ. ಕಮಾನಿನಂತೆ ಮೇಲಕ್ಕೆ ಉಬ್ಬಿದುದನ್ನು ಮೇಲ್ಮಡಿಕೆಯೆಂದೂ ತೊಟ್ಟಿಯಂತೆ ಕೆಳಕ್ಕೆ ತಗ್ಗಿದುದನ್ನು ಕೆಳಮಡಿಕೆಯೆಂದೂ ಕರೆಯುತ್ತಾರೆ. ಕಡಿದಾದ ಬಂಡೆಯ ಮೇಲೆ ಕಾಣುವುದು ಮಡಿಕೆಯ ಒಂದು ಸೀಳುನೋಟ ಮಾತ್ರ. ಅದರ ನಿಜಸ್ವರೂಪವನ್ನು ಮೂರು ಆಯಾಮಗಳಲ್ಲಿ ಅರಿಯಬೇಕಾಗುತ್ತದೆ.

ಭಾಗಗಳು

ಮಡಿಕೆಯ ಎರಡು ಪಕ್ಕಗಳು ಬಾಹುಗಳು. ಒಂದು ಸ್ತರದಲ್ಲಿ ಬಾಗು ಅತ್ಯಧಿಕವಾಗಿರುವ ಬಿಂದುಗಳನ್ನು ಜೋಡಿಸುವ ಗೆರೆ ತಿರುವುರೇಖೆ. ಒಂದರ ಮೇಲೊಂದಿರುವ ಸ್ತರಗಳ ತಿರುವುರೇಖೆಗಳ ಮೂಲಕ ಹಾದುಹೋಗುವ ಕಾಲ್ಪನಿಕ ತಲ ಅಕ್ಷತಲ. ಅರ್ಧ ತೆರೆದ ಪುಸ್ತಕವನ್ನು ಕವುಚಿ ನಿಲ್ಲಿಸಿದರೆ ಅದರ ಬೆನ್ನು ತಿರುವುರೇಖೆಯನ್ನೂ, ರಟ್ಟುಗಳು ಬಾಹುಗಳನ್ನೂ, ನಡುವೆ ನೇರವಾಗಿ ನಿಂತ ಹಾಳೆ ಅಕ್ಷತಲವನ್ನೂ ಹೋಲುತ್ತವೆ.

ವರ್ಣಿಸುವ ಕ್ರಮ

ಮಡಿಕೆಯ ನಿಲುವನ್ನು ಎರಡು ಅಳತೆಗಳಿಂದ ಸೂಚಿಸುತ್ತಾರೆ. ಮೊದಲನೆಯದು, ತಿರುವುರೇಖೆ ಯಾವ ದಿಕ್ಕಿಗೆ, ಎಷ್ಟು ಕೋನದಲ್ಲಿ ನೆಲದೊಳಕ್ಕೆ ವಾಲಿದೆ ಎಂಬುದು. ಎರಡನೆಯದು, ಅಕ್ಷತಲದ ಓರೆ. ಅಕ್ಷತಲ ಲಂಬವಾಗಿದ್ದರೆ ನೆಟ್ಟನೆಯ ಮಡಿಕೆ. ಬಹುತೇಕ ಅಡ್ಡವಾಗಿದ್ದರೆ ಮಲಗಿದ ಮಡಿಕೆ. ಬಾಹುಗಳ ನಡುವಣ ಕೋನವು ಮಡಿಕೆಯ ಬಿಗಿಯನ್ನು ತಿಳಿಸುತ್ತದೆ. ಫ್ಲೂಟಿ 1964ರಲ್ಲಿ ಪ್ರಕಟಿಸಿದ ವರ್ಗೀಕರಣದ ಪ್ರಕಾರ ಈ ಕೋನ 120 ಡಿಗ್ರಿಗಿಂತ ಹೆಚ್ಚಿದ್ದರೆ ಮೃದು ಮಡಿಕೆ, 70ರಿಂದ 120ರವರೆಗೆ ತೆರೆದ ಮಡಿಕೆ, 30ರಿಂದ 70ರವರೆಗೆ ನಿಕಟ ಮಡಿಕೆ, 30ಕ್ಕಿಂತ ಕಡಿಮೆಯಿದ್ದರೆ ಬಿಗಿ ಮಡಿಕೆ. ಬಾಹುಗಳು ಪರಸ್ಪರ ಸಮಾಂತರವಾಗಿದ್ದರೆ ಅದು ಸಮಾಂತರಬಾಹು ಮಡಿಕೆ.

ಭೂಪಟದಲ್ಲಿ ಮಡಿಕೆ

ಮಡಿಕೆಯ ಮೇಲ್ಭಾಗ ಸವೆದು ನೆಲ ಸಮತಟ್ಟಾದಾಗ ಅದರ ಸ್ತರಗಳು ಪಟ್ಟೆಗಳಾಗಿ ಹೊರಕಾಣುತ್ತವೆ. ತಿರುವುರೇಖೆ ಸಮತಲವಾಗಿದ್ದರೆ ಪಟ್ಟೆಗಳು ಸಮಾಂತರವಾಗಿ ಸಾಗುತ್ತವೆ. ವಾಲಿದ್ದರೆ ಕುದುರೆಲಾಳದಂತೆ ಬಾಗಿ ಕೂಡುತ್ತವೆ. ಮೇಲ್ಮಡಿಕೆಯಲ್ಲಿ ಲಾಳದ ಮುಚ್ಚಿದ ತುದಿಯೂ ಕೆಳಮಡಿಕೆಯಲ್ಲಿ ಅದರ ತೆರೆದ ಬಾಯಿಯೂ ವಾಲಿದ ದಿಕ್ಕನ್ನು ತೋರುತ್ತವೆ.

ಪ್ರಾಯೋಗಿಕ ಮಹತ್ವ

ನೀರಿಗಿಂತ ಹಗುರವಾದ ಕಚ್ಚಾ ತೈಲ ಮೇಲ್ಮಡಿಕೆಯ ನೆತ್ತಿಯತ್ತ ಏರುತ್ತದೆ. ಆದರೆ ಸೀಳುನೋಟದಲ್ಲಿ ಕಮಾನು ಕಂಡ ಮಾತ್ರಕ್ಕೆ ತೈಲ ದೊರೆಯುವುದೆಂದು ಹೇಳಲಾಗದು. ತಿರುವುರೇಖೆ ಒಂದೇ ದಿಕ್ಕಿಗೆ ಏರುತ್ತ ಹೋದರೆ, ತಡೆಯಿಲ್ಲದಿದ್ದಲ್ಲಿ ತೈಲವೂ ಅದರ ಗುಂಟ ಜಾರಿಹೋಗುತ್ತದೆ. ಅದು ಎರಡೂ ತುದಿಗಳಲ್ಲಿ ಕೆಳಕ್ಕೆ ವಾಲಿ, ಮಡಿಕೆ ಗುಮ್ಮಟದಂತೆ ಎಲ್ಲ ಕಡೆಗೂ ಇಳಿದಿದ್ದು, ಮೇಲೆ ತೈಲ ತೂರದ ಶಿಲೆಯಿದ್ದರೆ ಮಾತ್ರ ಅದು ಒಳ್ಳೆಯ ಸಂಗ್ರಹಸ್ಥಾನ. ಇರಾನಿನ ಜಾಗ್ರೋಸ್ ಪರ್ವತಗಳಲ್ಲಿ ಇಂತಹ ಮೇಲ್ಮಡಿಕೆಗಳು ಹಲವಿವೆ. ಅದರ ತಪ್ಪಲಿನ ಮಸ್ಜಿದ್ ಸುಲೇಮಾನ್‌ನಲ್ಲಿ 1908ರಲ್ಲಿ ತೈಲ ದೊರೆಯಿತು.

ಆಸ್ಟ್ರೇಲಿಯದ ಬೆಂಡಿಗೋದಲ್ಲಿ ಚಿನ್ನವುಳ್ಳ ಸ್ಫಟಿಕಶಿಲೆ ಮೇಲ್ಮಡಿಕೆಗಳ ತಿರುವಿನಲ್ಲಿ ಜೀನಿನ ಆಕಾರದಲ್ಲಿ ಸಂಚಯಗೊಂಡಿದೆ. ಅಂತಹ ಅದಿರನ್ನು ಅರಸುವವರಿಗೆ ತಿರುವುರೇಖೆಯ ದಿಕ್ಕೇ ದಾರಿ.