ಪುಟದ ಹೊರಗೆ ಕೂತ ಟಿಪ್ಪಣಿ

ಬೇರೆಯವರ ವೆಬ್ ಪುಟದಲ್ಲಿ ಒಂದಕ್ಷರವನ್ನೂ ಮುಟ್ಟದೆ ಅದರ ಸಾಲಿಗೆ ಟಿಪ್ಪಣಿ ಬರೆಯಬಹುದು, ಲೇಖಕರು ಕೊಡದ ಕೊಂಡಿಯನ್ನು ನಾವೇ ಕೊಡಬಹುದು. ಆ ಟಿಪ್ಪಣಿ ಪುಟದೊಳಗೆ ಇರುವುದೇ ಇಲ್ಲ. ಅದು ಬೇರೊಂದು ಸರ್ವರ್‌ನಲ್ಲಿರುತ್ತದೆ. ನೀವು ಪುಟ ತೆರೆದಾಗ, ಬ್ರೌಸರಿಗೆ ಸೇರಿಸಿಕೊಂಡ ಪುಟ್ಟ ತಂತ್ರಾಂಶವೊಂದು ಆ ಸರ್ವರನ್ನು ವಿಚಾರಿಸಿ, ಈ ವಿಳಾಸದ ಬಗ್ಗೆ ಯಾರು ಏನು ಸಾರ್ವಜನಿಕವಾಗಿ ಬರೆದಿದ್ದರೂ ತಂದು ಆಯಾ ಸಾಲಿನ ಪಕ್ಕ ತೋರಿಸುತ್ತದೆ. ಹೈಪಾಥಿಸಿಸ್ ಎಂಬ ತಂತ್ರಾಂಶ ಮಾಡುವುದು ಇದನ್ನೇ.

ಆಸೆ ಹಳೆಯದು. ಓದುಗರು ತಾವೇ ಕೊಂಡಿಗಳನ್ನು ಹೆಣೆದು ಇತರರಿಗೂ ಕೊಡುವ ಯಂತ್ರವೊಂದನ್ನು ಅಮೆರಿಕದ ಎಂಜಿನಿಯರ್ ವ್ಯಾನೆವಾರ್ ಬುಷ್ 1945ರಲ್ಲೇ ಕಲ್ಪಿಸಿದ್ದರು. ಸೌತಾಂಪ್ಟನ್ ವಿಶ್ವವಿದ್ಯಾಲಯದ ಮೈಕ್ರೋಕಾಸಂ ವ್ಯವಸ್ಥೆ ಕೊಂಡಿಗಳನ್ನು ದಾಖಲೆಯಿಂದ ಹೊರಗೆ, ಪ್ರತ್ಯೇಕ ಭಂಡಾರದಲ್ಲಿ ಇಟ್ಟಿತು. 1993ರ ಮೊಸಾಯಿಕ್ ಬ್ರೌಸರಿನಲ್ಲೂ ಗುಂಪಿನ ಟಿಪ್ಪಣಿಗೆ ಜಾಗವಿತ್ತು, ಉಳಿಯಲಿಲ್ಲ.

ನಿಜವಾದ ಕಷ್ಟ ‘ಇಲ್ಲಿ’ ಎಂದು ತೋರಿಸುವುದರಲ್ಲಿದೆ. 412ನೇ ಅಕ್ಷರದಿಂದ 440ರವರೆಗೆ ಎಂದು ಗುರುತು ಹಾಕಿಟ್ಟರೆ, ಲೇಖಕರು ಮೇಲೆ ಒಂದು ವಾಕ್ಯ ಸೇರಿಸಿದೊಡನೆ ಎಲ್ಲ ಗುರುತೂ ಜರುಗುತ್ತದೆ. ಅದಕ್ಕೇ 2017ರ ಫೆಬ್ರವರಿಯಲ್ಲಿ ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯೂ3ಸಿ ಒಕ್ಕೂಟ ಟಿಪ್ಪಣಿಗಳಿಗಾಗಿ ಪ್ರಕಟಿಸಿದ ಮಾನದಂಡದಲ್ಲಿ ಎಣಿಕೆಯ ಜೊತೆಗೆ ಇನ್ನೊಂದು ದಾರಿಯೂ ಇದೆ: ಗುರುತು ಹಾಕಿದ ಮಾತನ್ನೇ, ಅದರ ಹಿಂದಿನ ಮುಂದಿನ ಕೆಲವು ಅಕ್ಷರಗಳ ಸಮೇತ ಬರೆದಿಟ್ಟುಕೊಳ್ಳುವುದು. ತಾಳೆಗರಿಯ ಕಾಲದಲ್ಲಿ ನಮ್ಮ ವ್ಯಾಖ್ಯಾನಕಾರರು ಮಾಡಿದ್ದೂ ಇದನ್ನೇ. ಮೂಲ ಒಂದು ಓಲೆಯಲ್ಲಿ, ವ್ಯಾಖ್ಯಾನ ಇನ್ನೊಂದರಲ್ಲಿ. ಪ್ರತಿ ಮಾಡಿದಂತೆಲ್ಲ ಗರಿಯ ಸಂಖ್ಯೆ ಬದಲಾಗುತ್ತಿತ್ತು, ಆದ್ದರಿಂದ ಅವರು ಶ್ಲೋಕದ ಮೊದಲ ಪದಗಳನ್ನು ಪ್ರತೀಕವಾಗಿ ಎತ್ತಿಕೊಂಡು ಅರ್ಥ ಹೇಳುತ್ತಿದ್ದರು.

ಹೈಪಾಥಿಸಿಸ್ ಹೀಗೆ ಹಿಂದೆ 32, ಮುಂದೆ 32 ಅಕ್ಷರಗಳನ್ನು ಉಳಿಸಿಕೊಳ್ಳುತ್ತದೆ. ಪುಟ ಕೊಂಚ ಬದಲಾಗಿದ್ದರೆ ಅತಿ ಕಡಿಮೆ ತಿದ್ದುಪಡಿಯಲ್ಲಿ ಹೊಂದುವ ಜಾಗ ಹುಡುಕುತ್ತದೆ. ಎಲ್ಲೂ ಹೊಂದದಿದ್ದರೆ ಟಿಪ್ಪಣಿಯನ್ನು ಅನಾಥವೆಂದು ಬೇರೆ ಪಟ್ಟಿಗೆ ಸೇರಿಸುತ್ತದೆ. ಇದು ಸರಿಯಾದ ನಡೆ ಎಂದೇ ನನ್ನ ಅಭಿಪ್ರಾಯ. ತಪ್ಪು ಸಾಲಿಗೆ ಅಂಟಿದ ಟಿಪ್ಪಣಿ, ಲೇಖಕರು ಆಡದ ಮಾತನ್ನು ಅವರ ತಲೆಗೆ ಕಟ್ಟುತ್ತದೆ.

ಕನ್ನಡಕ್ಕೆ ಬಂದರೆ ಈ ಲೆಕ್ಕ ಸಾಲದು. ಯಂತ್ರ ಎಣಿಸುವುದು ನಮ್ಮ ಅಕ್ಷರಗಳನ್ನಲ್ಲ, ಯೂನಿಕೋಡ್ ಸಂಕೇತಗಳನ್ನು. ‘ಸ್ತ್ರೀ’ ನಮಗೆ ಒಂದೇ ಅಕ್ಷರ, ಅದಕ್ಕೆ ಆರು ಸಂಕೇತ. ಉದ್ದುದ್ದ ಪದಗಳ ನಮ್ಮ ನುಡಿಯಲ್ಲಿ 32 ಸಂಕೇತ ಮೂರು ನಾಲ್ಕು ಪದಕ್ಕೇ ಮುಗಿದುಹೋಗುತ್ತದೆ, ಗುರುತು ದುರ್ಬಲವಾಗುತ್ತದೆ. ಇನ್ನೂ ಒಂದು ತೊಡಕು: ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡಾಗಿ ಒಡೆದೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಬೇರೆ ಬೇರೆ.

ಕನ್ನಡದ ಹಳೆಯ ಪಠ್ಯಗಳು ಜಾಲಕ್ಕೆ ಬರುತ್ತಿವೆ. ಅವುಗಳಿಗೆ ಅರ್ಥ, ಪಾಠಾಂತರ ಬರೆಯಬಲ್ಲವರು ಊರೂರಲ್ಲಿದ್ದಾರೆ. ಅವರಿಗಾಗಿ ಟಿಪ್ಪಣಿಯ ತಂತ್ರಾಂಶ ಕಟ್ಟುವವರು ಆ 32ನ್ನು ಕನಿಷ್ಠ ಇಮ್ಮಡಿಗೊಳಿಸಲಿ, ಹೋಲಿಸುವ ಮೊದಲು ಸಂಕೇತಗಳನ್ನು ಒಂದೇ ರೂಪಕ್ಕೆ ತರಲಿ.