ಬಹುಮತವಿಲ್ಲದ ಫಲಿತಾಂಶ ಮತ್ತು ವರ್ತಕರ ಲೆಕ್ಕ

ಚುನಾವಣೆಯಲ್ಲಿ ಆಡಳಿತ ಪಕ್ಷ ಬಹುಮತ ಕಳೆದುಕೊಂಡು, ಅನ್ಯ ಪಕ್ಷಗಳಿಗೂ ಅದು ದೊರೆಯದಿದ್ದಾಗ ವರ್ತಕ ಸಮುದಾಯದಲ್ಲಿ ಆತಂಕ ಮೂಡುವುದು ಸಹಜ. ಹುಲಿಕೆರೆ, ಹಳೇಬೀಡಿನ ಸಣ್ಣ ಅಂಗಡಿಗಾರರಿಗೂ ಅರಸೀಕೆರೆಯ ಕೊಬ್ಬರಿ ವರ್ತಕರಿಗೂ ಏಳುವ ಪ್ರಶ್ನೆ ಒಂದೇ: ತೆರಿಗೆ ನೀತಿ ಏನಾದೀತು? ಇದಕ್ಕೆ 2004ರ ಅನುಭವವು ಉತ್ತರ ನೀಡುತ್ತದೆ.

1999ರಲ್ಲಿ 132 ಸ್ಥಾನ ಗಳಿಸಿದ್ದ ಕಾಂಗ್ರೆಸ್, 2004ರ ಮೇ 13ರ ಫಲಿತಾಂಶದಲ್ಲಿ 65ಕ್ಕೆ ಕುಸಿಯಿತು. ಭಾರತೀಯ ಜನತಾ ಪಕ್ಷಕ್ಕೆ 79, ಜಾತ್ಯತೀತ ಜನತಾದಳಕ್ಕೆ 58 ಸ್ಥಾನಗಳು ದೊರೆತವು. 224 ಸದಸ್ಯರ ಸಭೆಯಲ್ಲಿ ಬಹುಮತಕ್ಕೆ 113 ಅಗತ್ಯ. ಹದಿನೈದು ದಿನಗಳ ಮಾತುಕತೆಯ ನಂತರ, ಮೇ 28ರಂದು ಕಾಂಗ್ರೆಸ್–ಜನತಾದಳ ಸಮ್ಮಿಶ್ರ ಸರ್ಕಾರದ ಮುಖ್ಯಮಂತ್ರಿಯಾಗಿ ಧರ್ಮಸಿಂಗ್ ಅಧಿಕಾರ ಸ್ವೀಕರಿಸಿದರು. ಹಣಕಾಸು ಖಾತೆ ಉಪಮುಖ್ಯಮಂತ್ರಿ ಸಿದ್ದರಾಮಯ್ಯನವರ ಪಾಲಾಯಿತು.

ಇಂತಹ ಸರ್ಕಾರ ದೊಡ್ಡ ಸುಧಾರಣೆಗೆ ಕೈಹಾಕಲಾರದೆಂಬ ಅನುಮಾನ ಅಸಹಜವಲ್ಲ. ಆದರೆ 2005ರ ಏಪ್ರಿಲ್ 1ರಂದು, 1957ರ ಮಾರಾಟ ತೆರಿಗೆ ಕಾಯ್ದೆಯ ವ್ಯವಸ್ಥೆಯ ಸ್ಥಾನದಲ್ಲಿ ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಿತು. ಇತರ ಹಲವು ರಾಜ್ಯಗಳೂ ಅಂದೇ ಇದನ್ನು ಅಳವಡಿಸಿಕೊಂಡವು. ರಾಜ್ಯಗಳ ನಡುವಿನ ಒಮ್ಮತವೇ ಈ ಸುಧಾರಣೆಗೆ ಬೆನ್ನೆಲುಬಾಗಿತ್ತು.

ಇದರ ಲೆಕ್ಕ ಸರಳವಾದುದು. ಶೇ 4ರ ದರದ ಸರಕನ್ನು ರೂ. 10,000ಕ್ಕೆ ಕೊಂಡ ವರ್ತಕನು ರೂ. 400 ತೆರಿಗೆ ತೆರುತ್ತಿದ್ದನು. ಅದನ್ನೇ ರೂ. 11,000ಕ್ಕೆ ಮಾರಿದಾಗ ಸಂಗ್ರಹವಾಗುತ್ತಿದ್ದ ರೂ. 440ರಲ್ಲಿ ಮೊದಲು ತೆತ್ತದ್ದನ್ನು ಕಳೆದು ರೂ. 40 ಮಾತ್ರ ಪಾವತಿಸಬೇಕಿತ್ತು. ಖರೀದಿಯ ಬಿಲ್ಲು ಇಲ್ಲದಿದ್ದರೆ ಈ ವಿನಾಯಿತಿಯೂ ಇಲ್ಲ. ಹೀಗಾಗಿ ಲೆಕ್ಕಪುಸ್ತಕದ ಶಿಸ್ತು ಸಣ್ಣ ಅಂಗಡಿಗೂ ಲಾಭದ ವಿಷಯವಾಯಿತು.

2006ರ ಫೆಬ್ರವರಿಯಲ್ಲಿ ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾದರು, 2007ರ ನವೆಂಬರ್‌ನಲ್ಲಿ ಬಿ.ಎಸ್. ಯಡಿಯೂರಪ್ಪನವರ ಸರ್ಕಾರ ಒಂದು ವಾರವಷ್ಟೇ ಬಾಳಿತು; ರಾಷ್ಟ್ರಪತಿ ಆಳ್ವಿಕೆಯೂ ಬಂದಿತು. ಆದರೂ 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾಗುವವರೆಗೆ ಆ ವ್ಯವಸ್ಥೆ ಮುಂದುವರಿಯಿತು.

ಸದನದ ಒಪ್ಪಿಗೆ ಪಡೆದ ಕಾಯ್ದೆ ಸರ್ಕಾರದೊಡನೆ ಉರುಳುವುದಿಲ್ಲ. ಅಸ್ಥಿರತೆಯಿಂದ ನಿಜವಾಗಿ ಕುಂಠಿತವಾಗುವುದು ಹೊಸ ನಿರ್ಧಾರಗಳು: ರಸ್ತೆ ಕಾಮಗಾರಿಯ ಮಂಜೂರಾತಿ, ಮಾರುಕಟ್ಟೆ ಪ್ರಾಂಗಣದ ಅನುದಾನ, ಕೊಬ್ಬರಿ ಖರೀದಿಗೆ ರಾಜ್ಯದ ನೆರವು. ಆದುದರಿಂದ ವರ್ತಕ ಸಂಘಗಳು ತಮ್ಮ ಬೇಡಿಕೆಗಳನ್ನು ಒಂದೇ ಪಕ್ಷದ ಬಾಗಿಲಿಗೆ ಒಯ್ಯದೆ, ಸಮ್ಮಿಶ್ರ ಕಾರ್ಯಕ್ರಮ ಸಿದ್ಧವಾಗುವ ಮುನ್ನವೇ ಎಲ್ಲ ಪಕ್ಷಗಳ ಮುಂದಿಡುವುದು ವಿವೇಕ.