ಶಾರೀರದ ವಯಸ್ಸು ಮತ್ತು ಹಾಡಿನ ಅರ್ಥ

ಹಾಡಿನ ಅರ್ಥವನ್ನು ಅದರ ಸಾಹಿತ್ಯದಲ್ಲಷ್ಟೇ ಹುಡುಕುವುದು ನಮ್ಮ ವಿಮರ್ಶೆಯ ರೂಢಿ. ಆದರೆ ಗೇಯಕೃತಿಯ ಮಟ್ಟಿಗೆ ಹಾಡುವವರ ಶಾರೀರವೂ ಪಠ್ಯದ ಭಾಗವೇ ಆಗಿರುತ್ತದೆ. ಕೆನಡಾ ಮೂಲದ ಜನಪ್ರಿಯ ಗಾಯಕಿ, ಗೀತರಚನಕಾರ್ತಿ ಜೋನಿ ಮಿಚೆಲ್ (ಜನನ: 1943) ಅವರ 'ಬೋತ್ ಸೈಡ್ಸ್ ನೌ' ಗೀತೆಯ ಎರಡು ಧ್ವನಿಮುದ್ರಣಗಳು ಇದಕ್ಕೆ ನಿದರ್ಶನವಾಗಿವೆ.

ಮೋಡ, ಪ್ರೇಮ, ಬದುಕು ಇವುಗಳನ್ನು ಎರಡೂ ಬದಿಗಳಿಂದ ಕಂಡ ಮೇಲೂ ಅವು ಅರಿವಿಗೆ ನಿಲುಕಲಿಲ್ಲವೆಂಬುದು 1967ರಲ್ಲಿ ರಚಿತವಾದ ಈ ಗೀತೆಯ ತಿರುಳು. ಮಿಚೆಲ್ ಇದನ್ನು 1969ರ 'ಕ್ಲೌಡ್ಸ್' ಗೀತಸಂಪುಟದಲ್ಲಿ ಕೇವಲ ಗಿಟಾರಿನ ಹಿನ್ನೆಲೆಯಲ್ಲಿ ಹಾಡಿದರು. ಆಗಿನ ಕಂಠ ತಿಳಿಯಾದುದು. ತಾರಸ್ಥಾಯಿಗೆ ಅನಾಯಾಸವಾಗಿ ಏರುವಂಥದು. 2000ದಲ್ಲಿ ಅದೇ ಗೀತೆಯನ್ನು ವಾದ್ಯವೃಂದದೊಡನೆ ಮತ್ತೆ ಧ್ವನಿಮುದ್ರಿಸಿದಾಗ ಶ್ರುತಿ ಇಳಿದಿತ್ತು, ಲಯ ನಿಧಾನವಾಗಿತ್ತು, ಕಂಠ ಒರಟಾಗಿತ್ತು.

ಈ ವ್ಯತ್ಯಾಸಕ್ಕೆ ದೈಹಿಕ ಕಾರಣಗಳುಂಟು. ವಯಸ್ಸಾದಂತೆ ಗಂಟಲಿನ ಮೃದ್ವಸ್ಥಿಗಳು ಗಡುಸಾಗುತ್ತವೆ, ಉಸಿರಿನ ಶಕ್ತಿ ಕುಗ್ಗುತ್ತದೆ. ಮುಟ್ಟು ನಿಂತ ಬಳಿಕ ಸ್ತ್ರೀಯರ ಧ್ವನಿ ಸಾಮಾನ್ಯವಾಗಿ ತಗ್ಗುತ್ತದೆ. ದೀರ್ಘಕಾಲದ ಧೂಮಪಾನದಿಂದ ಧ್ವನಿತಂತುಗಳು ಊದಿಕೊಂಡು ಭಾರವಾಗುತ್ತವೆ. ಮಿಚೆಲ್ ಎಳವೆಯಿಂದಲೇ ಧೂಮಪಾನಿ; ಬಾಲ್ಯದಲ್ಲಿ ಪೋಲಿಯೋ ಪೀಡಿತರೂ ಆಗಿದ್ದರು.

ಆದರೆ ಇದನ್ನು ಕೇವಲ ಕ್ಷಯವೆಂದು ಬಗೆಯುವುದು ಸರಿಯಲ್ಲ. 1970ರ ದಶಕದಲ್ಲಿ ಜಾಝ್‌ನತ್ತ ಹೊರಳಿದ ಅವರು 'ಹೆಜೀರಾ' (1976), 'ಮಿಂಗಸ್' (1979) ಸಂಪುಟಗಳಲ್ಲಿ ಮಾತಿನ ನಡೆಗೆ ಹತ್ತಿರವಾದ ಗಾಯನಕ್ರಮವನ್ನು ರೂಢಿಸಿಕೊಂಡಿದ್ದರು. ಎತ್ತರದ ಸ್ವರಗಳು ಕೈಬಿಟ್ಟಂತೆ ಪದಗಳ ನಡುವಣ ಮೌನ, ಸಾಲನ್ನು ತಡೆದು ಬಿಡುವ ರೀತಿ ಮುಖ್ಯವಾದವು. ಮೊದಲ ಮುದ್ರಣದಲ್ಲಿ ತರುಣಿಯೊಬ್ಬಳ ಊಹೆಯಂತೆ ಕೇಳಿಸುವ ಅರಿವು, ಎರಡನೆಯದರಲ್ಲಿ ಬಾಳಿ ಕಂಡುಕೊಂಡದ್ದಾಗಿ ಕೇಳಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಾಯಕಿಯ ಜೀವನವೃತ್ತಾಂತವನ್ನೇ ಕಂಠಕ್ಕೆ ಆರೋಪಿಸಿಬಿಡುವ ಅಪಾಯ ಇಂಥ ಓದಿನಲ್ಲಿದೆ. ವಿನ್ಸ್ ಮೆಂಡೋಝಾ ಅವರ ವಾದ್ಯಸಂಯೋಜನೆ ಹಾಗೂ ವಿಳಂಬ ಲಯಗಳೂ ಈ ಪರಿಣಾಮದಲ್ಲಿ ಪಾಲುಗೊಂಡಿವೆ. ಕಂಠದ ಪಾತ್ರವನ್ನು ಇವುಗಳಿಂದ ಬೇರ್ಪಡಿಸಿ ನೋಡುವುದು ಅಧ್ಯಯನಕಾರರ ಹೊಣೆ.

2015ರಲ್ಲಿ ಮಿದುಳಿನ ರಕ್ತನಾಳದ ತೊಂದರೆಗೊಳಗಾದ ಮಿಚೆಲ್, ಚೇತರಿಸಿಕೊಂಡು 2022ರಲ್ಲಿ ನ್ಯೂಪೋರ್ಟ್ ಜನಪದ ಉತ್ಸವದಲ್ಲಿಯೂ 2024ರಲ್ಲಿ, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ, ಗ್ರ್ಯಾಮಿ ಸಮಾರಂಭದಲ್ಲಿಯೂ ಇದೇ ಗೀತೆಯನ್ನು ಹಾಡಿದರು. ಸಾಹಿತ್ಯ ಹೆಚ್ಚುಕಡಿಮೆ ಅದೇ ಆಗಿದ್ದರೂ ಕೇಳುಗರಿಗೆ ದಕ್ಕಿದ ಅರ್ಥ ಅದೇ ಆಗಿರಲಿಲ್ಲ. ಆದ್ದರಿಂದ ಗೇಯಕೃತಿಯನ್ನು ಕುರಿತು ಬರೆಯುವಾಗ ಯಾರು, ಯಾವ ವಯಸ್ಸಿನಲ್ಲಿ ಹಾಡಿದ ಮುದ್ರಣವೆಂಬುದನ್ನು ಪಾಠಾಂತರದಷ್ಟೇ ಗಂಭೀರವಾಗಿ ದಾಖಲಿಸಬೇಕಾಗುತ್ತದೆ.